ಬಿಳಿ ಕೋಣಕ್ಕೆ ಬಣ್ಣ: ಊರಿನ ಕಲಾವಿದರನ್ನು ಕರೆದು ಬೀದಿಗೆ ಶಿಲ್ಪ ತರುವ ಬಗೆ

ಬೀದಿಗೆ ಕಾಣಲೆಂದು ಮಾಡಿಸಿದ ನಮ್ಮ ಮೊದಲ ಫೈಬರ್ ಕೋಣದ ಬಣ್ಣ ಎದ್ದು ಬಂದದ್ದು ಜುಲೈ ಎರಡನೇ ವಾರದಲ್ಲಿ. ಮಂಗಳೂರಿನ ಜುಲೈ ಮಳೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬೆನ್ನಿನ ಮೇಲೆ ಬರೆದಿದ್ದ ಹೆಂಚಿನ ಮಾಡಿನಲ್ಲಿ ಮೊದಲು ಗುಳ್ಳೆ ಬಂತು, ನಾಲ್ಕು ದಿನದಲ್ಲಿ ಸಿಪ್ಪೆಯ ಹಾಗೆ ಸುಲಿದು ಬಂತು. ಪಕ್ಕದ ಮನೆಯ ಅಜ್ಜಿ ಕೊಡೆ ಹಿಡಿದು ನಿಂತು ನೋಡಿ, "ಕೋಣಕ್ಕೆ ಕಜ್ಜಿಯಾ ಮಗಾ?" ಎಂದು ಕೇಳಿದರು.

ತಪ್ಪು ಬಣ್ಣ ಹಚ್ಚಿದವರದ್ದಲ್ಲ, ನಮ್ಮ ಬಡಾವಣೆಯ ಸಮಿತಿಯದ್ದು. ಫೈಬರ್ ಕೋಣ ಅಚ್ಚಿನಿಂದ ಹೊರಬಂದ ಹಾಗೆಯೇ ಕಲಾವಿದರ ಮುಂದೆ ತಂದು ನಿಲ್ಲಿಸಿದ್ದೆವು. ಅಚ್ಚಿಗೆ ಅಂಟದಿರಲಿ ಎಂದು ಸವರುವ ಮೇಣ ಅದರ ಮೈಮೇಲೆ ಹಾಗೇ ಇತ್ತು. ಮೇಣದ ಮೇಲೆ ಯಾವ ಬಣ್ಣ ನಿಲ್ಲುತ್ತದೆ ಹೇಳಿ? ಆಮೇಲೆ ಮಾಡಿದ ನಾಲ್ಕು ಕೋಣಗಳು ಮಳೆಗಾಲ ದಾಟಿ ಇಂದಿಗೂ ಗಟ್ಟಿಯಾಗಿವೆ. ಆ ಐದರಿಂದ ಕಲಿತದ್ದನ್ನು, ನಿಮ್ಮ ವಾರ್ಡಿನಲ್ಲೋ ಶಾಲೆಯಲ್ಲೋ ಇಂಥದ್ದು ಮಾಡುವ ಯೋಚನೆ ಇದ್ದರೆ ಕೆಲಸಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಯೋಚನೆ ಹೊಸದೇನಲ್ಲ. 1998ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಬೀದಿಗಳಲ್ಲಿ ನೂರಾರು ಫೈಬರ್ ಹಸುಗಳನ್ನು ನಿಲ್ಲಿಸಿದರು. ಆಕಾರ ಒಂದೇ ತರಹ, ಬಣ್ಣ ಒಬ್ಬೊಬ್ಬ ಕಲಾವಿದರದ್ದು ಒಂದೊಂದು ತರಹ. ಅದನ್ನು ನೋಡಿದ ಶಿಕಾಗೋದ ಒಬ್ಬ ಚಪ್ಪಲಿ ವ್ಯಾಪಾರಿ ತನ್ನ ಊರಿಗೂ ಇದು ಬೇಕು ಎಂದು ಹಟ ಹಿಡಿದರು. 1999ರಲ್ಲಿ ಶಿಕಾಗೋದಲ್ಲಿ 300ಕ್ಕೂ ಹೆಚ್ಚು ಹಸುಗಳು ನಿಂತವು, ಕೊನೆಗೆ ಹರಾಜಾಗಿ ಹಣ ಸಮಾಜಸೇವೆಗೆ ಹೋಯಿತು. 2001ರಲ್ಲಿ ಬರ್ಲಿನ್‌ನಲ್ಲಿ ಕರಡಿಗಳು ಬಂದವು, 2007ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಆನೆಗಳು. ಆನೆಗಳ ಆ ಮೆರವಣಿಗೆ 2018ರಲ್ಲಿ ಮುಂಬೈಗೂ ಬಂತು. ಒಂದು ಎಚ್ಚರಿಕೆ: 'ಕೌ ಪರೇಡ್', 'ಎಲಿಫೆಂಟ್ ಪರೇಡ್' ಎಂಬವು ಕಂಪನಿಗಳ ಹೆಸರುಗಳು. ಯೋಚನೆ ಯಾರದ್ದೂ ಅಲ್ಲ, ಆದರೆ ಆ ಹೆಸರನ್ನು ನಿಮ್ಮ ಬ್ಯಾನರಿಗೆ ಹಾಕಬೇಡಿ.

ಯಾವ ಪ್ರಾಣಿ?

ಜ್ಯೂರಿಕ್‌ನವರು ಹಸು ಆರಿಸಿದ್ದರಲ್ಲಿ ಒಂದು ಜಾಣತನ ಉಂಟು. ಹಸುವಿನ ಪಕ್ಕೆ ಅಗಲ. ಬಣ್ಣ ಹಚ್ಚುವವರಿಗೆ ಗೋಡೆ ಸಿಕ್ಕ ಹಾಗೆ. ನಮ್ಮಲ್ಲಿ ಹಸು ಬೇಡ ಎಂದು ನಾವು ಮೊದಲ ಮೀಟಿಂಗಿನಲ್ಲೇ ತೀರ್ಮಾನಿಸಿದೆವು. ಮಾತು ಕಲೆಯನ್ನು ಬಿಟ್ಟು ಬೇರೆ ಕಡೆಗೆ ಹೋಗುತ್ತದೆ, ಅಲ್ವಾ?

ಹಾಗಾಗಿ ಕಂಬಳದ ಕೋಣ. ಅಗಲ ಪಕ್ಕೆ, ಗಟ್ಟಿ ಕಾಲು, ಯಾರಿಗೂ ಪರಿಚಯ ಮಾಡಿಸಬೇಕಾಗಿಲ್ಲ. ಕಡಲಾಮೆಯೂ ಚೆನ್ನಾಗಿರುತ್ತದೆ. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಯ ಚಿಪ್ಪು ದೊಡ್ಡದೊಂದು ಬಟ್ಟಲು ಕವುಚಿದ ಹಾಗೆ. ಬಣ್ಣಕ್ಕೆ ಜಾಗ ಧಾರಾಳ, ಎತ್ತರ ಕಡಿಮೆ, ಮಕ್ಕಳು ಹತ್ತಿದರೂ ಭಯವಿಲ್ಲ. ಮೀನು ನೋಡಲು ಚಂದ, ಆದರೆ ನಿಲ್ಲಿಸುವುದು ಕಷ್ಟ. ಕೊಕ್ಕರೆಯ ಕಾಲು ಒಂದು ಕ್ರಿಕೆಟ್ ಬಾಲಿಗೆ ಮುರಿಯುತ್ತದೆ.

ಹುಲಿಯ ಬಗ್ಗೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಪಿಲಿವೇಷದ (ಹುಲಿವೇಷದ) ಊರಿನಲ್ಲಿ ಹುಲಿ ಬಿಟ್ಟು ಬೇರೆಯೇ ಎಂದು ಅರ್ಧ ಜನ. ನನ್ನ ವಾದ ಬೇರೆ: ಹುಲಿ ಕೊಟ್ಟರೆ ಎಲ್ಲರೂ ಪಟ್ಟೆಯನ್ನೇ ಬರೆಯುತ್ತಾರೆ. ಕೋಣದ ಮೈ ಖಾಲಿ, ಅಲ್ಲಿ ಪಟ್ಟೆಪಿಲಿಯೂ ಬರಬಹುದು, ಚುಕ್ಕೆಯ ಚಿಟ್ಟೆಪಿಲಿಯೂ ಬರಬಹುದು, ಬಂಗುಡೆ ಬುಟ್ಟಿಯೂ ಬರಬಹುದು.

ಹಂದಿಯಾಗಲಿ, ಹುಲಿಯಾಗಲಿ, ಕೋಣವಾಗಲಿ, ತುಳುನಾಡಿನಲ್ಲಿ ಪ್ರಾಣಿ ಸುಮ್ನೆ ಪ್ರಾಣಿಯಲ್ಲ. ಪಂಜುರ್ಲಿ, ಪಿಲಿಚಾಮುಂಡಿ, ಮೈಸಂದಾಯ ಎಂಬ ದೈವಗಳಿದ್ದಾರೆ. ದೈವದ ಮೊಗ (ಮುಖವಾಡ), ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ), ಕಡ್ತಲೆಯನ್ನು (ಕತ್ತಿಯನ್ನು) ಬೀದಿಬದಿಯ ಶಿಲ್ಪದ ಮೇಲೆ ತರಬಾರದು ಎಂದು ಕರೆಪತ್ರದಲ್ಲೇ ಬರೆಯಿರಿ. ಚಪ್ಪಲಿ ಹಾಕಿದ ಮಗು ಅದರ ಮೇಲೆ ಕೂರುತ್ತದೆ, ನೋಡಿದವರಿಗೆ ನೋವಾಗುತ್ತದೆ. ಸಂಶಯ ಬಂದರೆ ಊರಿನ ಹಿರಿಯರ ಹತ್ತಿರ ಮೊದಲೇ ಕೇಳಿ.

ಜಾಗ ಮೊದಲು, ಶಿಲ್ಪ ಆಮೇಲೆ

ಹೆಚ್ಚಿನವರು ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಶಿಲ್ಪ ಮಾಡಿಸಿ, ಆಮೇಲೆ ಅದನ್ನು ಎಲ್ಲಿಡುವುದು ಎಂದು ತಲೆ ಕೆರೆದುಕೊಳ್ಳುತ್ತಾರೆ.

2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆ ಬದಿಗಳಲ್ಲಿ ಪ್ರತಿಮೆ ನಿಲ್ಲಿಸಲು ಸರಕಾರಗಳು ಅನುಮತಿ ಕೊಡಬಾರದು ಎಂದು. ಕೋಣ ಪ್ರತಿಮೆಯಾ ಅಲ್ಲವಾ ಎಂದು ವಾದ ಮಾಡಿ ಪ್ರಯೋಜನ ಇಲ್ಲ. ಸರ್ಕಲ್, ಫುಟ್‌ಪಾತಿನ ಆಸೆ ಬಿಡಿ. ಪಾರ್ಕ್, ಶಾಲೆಯ ಅಂಗಳ, ಕಾಲೇಜಿನ ಕ್ಯಾಂಪಸ್, ಲೈಬ್ರರಿಯ ಮುಂದಿನ ಜಾಗ, ರಸ್ತೆಗೆ ಕಾಣುವ ಖಾಸಗಿ ಕಂಪೌಂಡ್, ಇವು ಹೆಚ್ಚು ಸುರಕ್ಷಿತ. ನಮ್ಮ ಐದರಲ್ಲಿ ಮೂರು ಖಾಸಗಿ ಕಂಪೌಂಡಿನ ಒಳಗೇ ಇವೆ, ಗೇಟಿನ ಪಕ್ಕ. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತವೆ.

ಪಾರ್ಕಿಗೆ ಮಂಗಳೂರಿನಲ್ಲಿ ಮಹಾನಗರ ಪಾಲಿಕೆ, ಉಡುಪಿಯಲ್ಲಿ ನಗರಸಭೆಯ ಲಿಖಿತ ಅನುಮತಿ ಬೇಕು. ಹೆದ್ದಾರಿ 66ರ ಬದಿ ಅವರ ಕೈಯಲ್ಲಿಲ್ಲ, ಅದು ಹೆದ್ದಾರಿ ಪ್ರಾಧಿಕಾರದ್ದು. ಪಣಂಬೂರು, ಮಲ್ಪೆಯಂಥ ಬೀಚಿನಲ್ಲಿ ಕಾಂಕ್ರೀಟು ಹಾಕಬೇಕೆಂದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ. ಅಲ್ಲಿಗೆ ಹೋಗಲೇಬೇಡಿ, ವರ್ಷ ಕಳೆಯುತ್ತದೆ. ಅರ್ಜಿಯ ಜೊತೆ ಜಾಗದ ಫೋಟೋ, ಅಳತೆ ಬರೆದ ನಕ್ಷೆ, ಮತ್ತು 'ನಿರ್ವಹಣೆ ನಮ್ಮದು' ಎಂಬ ಒಂದು ಸಾಲು ಇರಲಿ. ಆ ಸಾಲು ಇದ್ದರೆ ಫೈಲು ಬೇಗ ಓಡುತ್ತದೆ.

ಜಾಗ ನೋಡುವಾಗ ಮೇಲೆಯೂ ನೋಡಿ. ತೆಂಗಿನ ಮರದ ಕೆಳಗೆ ಖಂಡಿತ ಬೇಡ. ಒಂದು ಕಾಯಿ ಬಿದ್ದರೆ ಫೈಬರ್ ಬಿರಿಯುತ್ತದೆ, ಕೆಳಗೆ ನಿಂತು ಸೆಲ್ಫಿ ತೆಗೆಯುವವರ ತಲೆಯ ಕಥೆ ಬೇರೆ. ಹಲಸಿನ ಮರದ ಮೇಣ, ಕಾಗೆ ಕೂರುವ ವಯರು, ಮಾಡಿನ ನೀರು ಸುರಿಯುವ ಮೂಲೆ, ಇವೂ ಬೇಡ.

ಕ್ಯಾಲೆಂಡರ್ ಹಿಂದಿನಿಂದ ಹಾಕಿ

ಕೆಲಸದ ಕೊನೆಯ ದಿನ ಯಾವುದು ಎಂದರೆ ನಾನು ಪತ್ತನಾಜೆ ಎನ್ನುತ್ತೇನೆ. ಮೇ 24ರ ಹೊತ್ತಿಗೆ ದೈವಗಳ ಕೋಲ, ಯಕ್ಷಗಾನದ ತಿರುಗಾಟ ಎಲ್ಲ ಮುಗಿಯುತ್ತದಲ್ಲ, ಅಷ್ಟರಲ್ಲಿ ನಿಮ್ಮ ಶಿಲ್ಪವೂ ಮಳೆಗೆ ತಯಾರಿರಬೇಕು.

ಅಲ್ಲಿಂದ ಹಿಂದಕ್ಕೆ ಎಣಿಸಿ. ಬಣ್ಣದ ಕೆಲಸಕ್ಕೆ ಡಿಸೆಂಬರ್, ಜನವರಿ, ಫೆಬ್ರವರಿ. ಗಾಳಿಯಲ್ಲಿ ತೇವ ಕಡಿಮೆ ಇರುವುದು ಆಗ ಮಾತ್ರ. ಫೈಬರ್ ಮೈ ತಯಾರಾಗಲು ಅಕ್ಟೋಬರ್, ನವೆಂಬರ್. ಕಲಾವಿದರನ್ನು ಕರೆಯುವುದು, ಮಾತುಕತೆ, ಆಯ್ಕೆ ಇವೆಲ್ಲ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಶುರುವಾಗಲಿ. ಮಳೆ ಹೊಯ್ಯುತ್ತಾ ಇರುತ್ತದೆ, ಹೊರಗಿನ ಕೆಲಸ ಯಾರಿಗೂ ಇಲ್ಲ, ಕೂತು ಮಾತಾಡಲು ಜನ ಸಿಗುತ್ತಾರೆ. ಅಷ್ಟಮಿ ಹತ್ತಿರ ಬಂದರೆ ಉಡುಪಿಯ ವೇಷದ ಬಣ್ಣದವರು ಸಿಗುವುದಿಲ್ಲ. ನವರಾತ್ರಿಯಲ್ಲಿ ಮಂಗಳೂರಿನವರು ಫೋನೇ ಎತ್ತುವುದಿಲ್ಲ.

ಯಾರನ್ನು ಕರೆಯುವುದು, ಹೇಗೆ ಕರೆಯುವುದು

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು. ಜಾಸ್ತಿ ತಪ್ಪು ಆಗುವುದೂ ಇಲ್ಲೇ.

'ಸ್ಥಳೀಯ ಕಲಾವಿದರು' ಎಂದರೆ ತಕ್ಷಣ ತಲೆಗೆ ಬರುವುದು ಕಲಾಶಾಲೆಯಲ್ಲಿ ಓದಿದವರು, ಕ್ಯಾನ್ವಾಸ್ ಪ್ರದರ್ಶನ ಮಾಡಿದವರು. ಅವರನ್ನು ಕರೆಯಿರಿ. ಮಂಗಳೂರಿನ ಮಹಾಲಸಾ ಕಲಾ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಪತ್ರ ಹಾಕಿದರೆ ಸುದ್ದಿ ತಾನಾಗಿ ಹರಡುತ್ತದೆ. ಉಡುಪಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ಜಿಲ್ಲೆಯಲ್ಲಿ ಚಿತ್ರ ಬರೆಯುವವರಿಗೆ ಬರ ಇಲ್ಲ.

ಆದರೆ ಅಲ್ಲಿಗೇ ನಿಲ್ಲಬೇಡಿ. ನಮ್ಮೂರಿನಲ್ಲಿ ಉಬ್ಬುತಗ್ಗಿನ ಮೈಮೇಲೆ ಬಣ್ಣ ಹಚ್ಚಿ ಅಭ್ಯಾಸ ಇರುವವರು ಯಾರು ಯೋಚಿಸಿ. ಪಿಲಿವೇಷಕ್ಕೆ ಬರೆಯುವವರು. ಜೀವಂತ ಹೊಟ್ಟೆ, ಬೆನ್ನು, ತೊಡೆಯ ಮೇಲೆ ಗಂಟೆಗಟ್ಟಲೆ ಗೆರೆ ಎಳೆದು ಅವರಿಗೆ ಕೈ ಪಳಗಿದೆ. ಯಕ್ಷಗಾನದ ಮುಖವರ್ಣಿಕೆ ಗೊತ್ತಿರುವವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಬರೆಯುವವರು. ದೋಣಿಯ ಮೂತಿಗೆ ಹೆಸರು, ಹೂವು ಬರೆಯುವ ಮಲ್ಪೆ, ಬೆಂಗ್ರೆಯವರು. ಇವರಿಗೆ ಫೈಬರ್ ಹೊಸದಲ್ಲ. ಅವರು ಹಚ್ಚಿದ ಬಣ್ಣ ಸಮುದ್ರದಲ್ಲಿ ನಿಲ್ಲುತ್ತದೆ, ನಿಮ್ಮ ಪಾರ್ಕಿನಲ್ಲಿ ನಿಲ್ಲದೇ ಇರುತ್ತದಾ?

ಇವರು ಯಾರೂ ಇಮೇಲಿನಲ್ಲಿ ಅರ್ಜಿ ಹಾಕುವುದಿಲ್ಲ. ಮನೆಗೆ ಹೋಗಿ ಕರೆಯಬೇಕು. ನಮ್ಮಲ್ಲಿ ಹುಲಿಗೆ ಬಣ್ಣ ಹಾಕುವ ಹಿರಿಯರೊಬ್ಬರು ಮೊದಲು ಒಪ್ಪಲೇ ಇಲ್ಲ. "ಎಂತ ಮಾರಾಯ್ರೆ, ಹುಲಿಗೆ ಬರೆಯುವಾಗ ಅದು ಉಸಿರಾಡ್ತದೆ, ಕೈಗೆ ಗೊತ್ತಾಗ್ತದೆ. ಇದು ಉಸಿರೇ ಆಡುದಿಲ್ವಲ್ಲ" ಎಂದರು. ಎರಡು ದಿನ ಬಿಟ್ಟು ತಾವೇ ಬಂದು ಕೋಣದ ಬೆನ್ನು ಸವರಿ ನೋಡಿ ಹೋದರು. ಈಗ ಜನ ಜಾಸ್ತಿ ನಿಂತು ನೋಡುವುದು ಅವರ ಕೋಣವನ್ನೇ.

ಕರೆಪತ್ರ ಒಂದೇ ಪುಟ ಸಾಕು. ಪ್ರಾಣಿ ಯಾವುದು, ಅಳತೆ ಎಷ್ಟು, ಎಲ್ಲಿ ನಿಲ್ಲುತ್ತದೆ, ಸಂಭಾವನೆ ಎಷ್ಟು, ಯಾವಾಗ ಕೊಡುತ್ತೇವೆ, ಬಣ್ಣದ ಖರ್ಚು ಯಾರದ್ದು, ಏನು ಬರೆಯಬಾರದು, ಕೊನೆಯ ದಿನಾಂಕ. ಬರೆಯಬಾರದ ಪಟ್ಟಿ ಚಿಕ್ಕದಿರಲಿ: ದೇವರು ದೈವದ ರೂಪ, ಪಕ್ಷದ ಚಿಹ್ನೆ, ಕಂಪನಿಯ ಲೋಗೋ, ಬದುಕಿರುವವರ ಮುಖ. ಇಷ್ಟೇ. 'ಸ್ವಚ್ಛತೆ', 'ಸೌಹಾರ್ದ' ಎಂದು ವಿಷಯ ಕೊಟ್ಟರೆ ಐದೂ ಕೋಣಗಳ ಮೇಲೆ ಭೂಗೋಳ ಹಿಡಿದ ಎರಡು ಕೈ ಬರುತ್ತದೆ. ವಿಷಯ ಕೊಡಲೇಬೇಕೆಂದರೆ ಮುಟ್ಟಿ ನೋಡಬಹುದಾದದ್ದನ್ನು ಕೊಡಿ. 'ನಿಮ್ಮ ಓಣಿಯಲ್ಲಿ ಈಗ ಇಲ್ಲದ ಒಂದು ವಸ್ತು' ಎಂದು ನಾವು ಕೊಟ್ಟೆವು. ಒಬ್ಬಳು ಹುಡುಗಿ ಬಾಸೆಲ್ ಮಿಷನ್ ಹೆಂಚಿನ ಮಾಡನ್ನು ಬರೆದಳು. ಮಂಗಳೂರಿನಲ್ಲಿ ಆ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಅವಳ ಅಜ್ಜಿ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರಂತೆ. ಮತ್ತೊಬ್ಬರು ಕಾವಿ ಕಲೆಯ ಬಳ್ಳಿ ತಂದರು. ಸುಣ್ಣದ ಗೋಡೆಗೆ ಕೆಮ್ಮಣ್ಣಿನ ಪದರ ಹಚ್ಚಿ, ಕೆರೆದು ಬಿಳಿ ಕಾಣಿಸುವ ಕಲೆ ಅದು. ಫೈಬರಿನಲ್ಲಿ ಕೆರೆಯಲು ಆಗುವುದಿಲ್ಲ, ಹಾಗಾಗಿ ಬಿಳಿ ಮೈಮೇಲೆ ಕೆಂಪಿನಲ್ಲೇ ಬರೆದರು. ಎರಡೇ ಬಣ್ಣ, ದೂರದಿಂದಲೂ ಕಣ್ಣು ಹಿಡಿಯುತ್ತದೆ.

ಕರೆಪತ್ರದ ಹಿಂದೆ ಪ್ರಾಣಿಯ ಖಾಲಿ ರೇಖಾಚಿತ್ರ ಅಚ್ಚು ಹಾಕಿಸಿ. ಎಡ ಪಕ್ಕೆ, ಬಲ ಪಕ್ಕೆ, ಮೇಲಿನಿಂದ. ಬರುವ ಸ್ಕೆಚ್‌ಗಳೆಲ್ಲ ಒಂದೇ ಅಳತೆಯಲ್ಲಿ ಇದ್ದರೆ ಹೋಲಿಸಿ ನೋಡುವುದು ಸುಲಭ. ಎರಡನೇ ಸುತ್ತಿಗೆ ಬಂದವರಿಗೆ ಸ್ಕೆಚ್‌ಗೇ ಸ್ವಲ್ಪ ಹಣ ಕೊಡಿ, ಆಯ್ಕೆ ಆಗದಿದ್ದರೂ.

ಆಯ್ಕೆಗೆ ಐದು ಜನ ಸಾಕು. ಒಬ್ಬರು ಚಿತ್ರ ಬಲ್ಲವರು, ಒಬ್ಬರು ಫೈಬರ್ ಕೆಲಸ ಗೊತ್ತಿರುವವರು, ಜಾಗದ ಪಕ್ಕದ ಅಂಗಡಿಯವರು ಒಬ್ಬರು, ಒಬ್ಬ ಟೀಚರ್, ಮತ್ತು ಆ ಓಣಿಯ ಒಬ್ಬ ಹೈಸ್ಕೂಲ್ ಹುಡುಗ ಅಥವಾ ಹುಡುಗಿ. ಸ್ಕೆಚ್‌ನ ಹಿಂದೆ ನಂಬರ್ ಮಾತ್ರ ಇರಲಿ, ಹೆಸರು ಬೇಡ. ಊರು ಸಣ್ಣದು, ಎಲ್ಲರೂ ಎಲ್ಲರಿಗೂ ಭಾವ, ಮಾವ ಆಗಬೇಕು.

ಹಣ, ಕಾಗದ

'ಒಳ್ಳೆ ಪ್ರಚಾರ ಸಿಗ್ತದೆ' ಎಂದು ಹೇಳಿ ಪುಕ್ಕಟೆ ಕೆಲಸ ಮಾಡಿಸಬೇಡಿ. ಮೇಸ್ತ್ರಿಗೆ, ಕ್ರೇನಿನವನಿಗೆ ಕೊಡುತ್ತೀರಿ, ಬಣ್ಣ ಹಚ್ಚಿದವರಿಗೆ ಮಾತ್ರ ಶಾಲು ಹೊದೆಸಿ ಕಳಿಸುವುದು ಯಾವ ನ್ಯಾಯ? ನಾವು ಮೂರು ಕಂತು ಮಾಡಿದೆವು: ಒಪ್ಪಿದಾಗ, ಅರ್ಧ ಕೆಲಸಕ್ಕೆ, ಮುಗಿದ ದಿನ. ಕೊನೆಯ ಕಂತನ್ನು ಉದ್ಘಾಟನೆಯ ತನಕ ಎಳೆಯಬಾರದು. ಮುಖ್ಯ ಅತಿಥಿಯ ಡೇಟು ಸಿಗುವುದು ಕಲಾವಿದರ ಕೈಯಲ್ಲಿಲ್ಲ.

ಪ್ರಾಯೋಜಕರು ಸಿಕ್ಕರೆ ಅವರ ಹೆಸರು ಪೀಠದ ಫಲಕದಲ್ಲಿ, ಕಲಾವಿದರ ಹೆಸರಿಗಿಂತ ಚಿಕ್ಕ ಅಕ್ಷರದಲ್ಲಿ. ಕೋಣದ ಪಕ್ಕೆಗೆ ಲೋಗೋ ಬೇಕು ಎಂದರೆ ಕೈ ಮುಗಿದು ಬನ್ನಿ. ಒಟ್ಟು ಬಜೆಟ್ಟಿನ ಹತ್ತರಲ್ಲಿ ಒಂದು ಭಾಗವನ್ನಾದರೂ ಮುಂದಿನ ರಿಪೇರಿಗೆ ಬೇರೆಯೇ ಇಡಿ.

ಎರಡು ಪುಟದ ಒಪ್ಪಂದ ಬರೆದುಕೊಳ್ಳಿ. ಚಿತ್ರದ ಹಕ್ಕು ಯಾರದ್ದು, ಪೋಸ್ಟ್‌ಕಾರ್ಡ್, ಟೀಶರ್ಟ್ ಮಾಡಿದರೆ ಕಲಾವಿದರಿಗೆ ಪಾಲು ಎಷ್ಟು, ಮುಂದೆ ಹರಾಜು ಹಾಕಿದರೆ ಹಣ ಎಲ್ಲಿಗೆ ಹೋಗುತ್ತದೆ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಮಾರಿದ ಮೇಲೂ ಕಲಾವಿದರ ಹೆಸರು ಅವರದ್ದೇ. ಗೌರವಕ್ಕೆ ಕುಂದು ಬರುವ ಹಾಗೆ ಕೃತಿಯನ್ನು ಕೆಡಿಸಿದರೆ ಅವರು ಕೇಳಬಹುದು. ಇದು ಬರೀ ಪುಸ್ತಕದ ಮಾತಲ್ಲ. ದಿಲ್ಲಿಯ ವಿಜ್ಞಾನ ಭವನದಲ್ಲಿದ್ದ, ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದಿಲ್ಲಿ ಹೈಕೋರ್ಟು ಶಿಲ್ಪವನ್ನು ಅವರಿಗೆ ವಾಪಸು ಕೊಡಿಸಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಹಾಗಾಗಿ ನಾಳೆ ಯಾರೋ ಹೊಸ ಅಧ್ಯಕ್ಷರು ಬಂದು 'ಇದಕ್ಕೆ ಒಂದು ಕೋಟ್ ಬಿಳಿ ಹೊಡೀರಿ' ಎಂದರೆ, ಕಲಾವಿದರನ್ನು ಕೇಳದೆ ಬ್ರಷ್ ಎತ್ತುವ ಹಾಗಿಲ್ಲ ಎಂದು ಒಪ್ಪಂದದಲ್ಲಿ ಇರಲಿ.

ಮೈ ತಯಾರಿ

ಫೈಬರ್ ಮೈಗೆ ದೂರ ಹೋಗಬೇಡಿ. ಫೈಬರ್ ದೋಣಿ ಕಟ್ಟುವವರು ನಮ್ಮ ಕರಾವಳಿಯಲ್ಲೇ ಇದ್ದಾರೆ. ಶಿಲ್ಪಿ ಒಬ್ಬರು ಮಣ್ಣಿನಲ್ಲಿ ಮೂಲ ಮಾಡಿಕೊಟ್ಟರೆ ಅಚ್ಚು ತೆಗೆಯುವುದು, ಗಾಜಿನ ನಾರಿನ ಮ್ಯಾಟ್ ಹಾಕಿ ರೆಸಿನ್ ಎಂಬ ಅಂಟು ಕೂಡಿಸುವುದು ಅವರಿಗೆ ದಿನನಿತ್ಯದ ಕೆಲಸ. ಒಂದು ಅಚ್ಚಿನಿಂದ ಎಷ್ಟು ಕೋಣ ಬೇಕಾದರೂ ತೆಗೆಯಬಹುದು, ಖರ್ಚೆಲ್ಲ ಮೊದಲನೆಯದ್ದಕ್ಕೆ. ಜ್ಯೂರಿಕ್ ಮಾದರಿಯ ಆಳೆತ್ತರದ ಹಸುವಿನ ತೂಕ ಐವತ್ತು ಅರವತ್ತು ಕಿಲೋ ಅಷ್ಟೆ. ನಾಲ್ಕು ಜನ ಎತ್ತಬಹುದು, ಹಾಗೆಯೇ ರಾತ್ರಿ ನಾಲ್ಕು ಜನ ಎತ್ತಿಕೊಂಡೂ ಹೋಗಬಹುದು.

ಒಳಗಿನ ಕಬ್ಬಿಣಕ್ಕೆ ಕಡಲಿನ ಉಪ್ಪುಗಾಳಿ ದೊಡ್ಡ ಶತ್ರು. ಕಾಲಿನಿಂದ ಪೀಠಕ್ಕೆ ಇಳಿಯುವ ಸರಳು, ಬೋಲ್ಟ್ ಸ್ಟೇನ್‌ಲೆಸ್ ಆಗಿರಲಿ, ಸಮುದ್ರದ ಹತ್ತಿರವಾದರೆ 316 ಗ್ರೇಡಿನದ್ದು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಅಗ್ಗ, ಆದರೆ ತುಕ್ಕಿನ ನೀರು ಕಾಲಿನಿಂದ ಇಳಿದು ಪೀಠವೆಲ್ಲ ಕಂದು ಮಾಡುತ್ತದೆ. ಕೊಂಬಿನ ತುದಿ ದುಂಡಗಿರಲಿ, ಅದು ಮಕ್ಕಳ ಕಣ್ಣಿನ ಎತ್ತರಕ್ಕೇ ಬರುತ್ತದೆ. ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಬಿಡಿಸಿ, ಒಳಗೆ ಸೇರಿದ ನೀರು ಹೊರಗೆ ಹೋಗಲು.

ಈಗ ಆ ಮೇಣದ ಕಥೆ. ಅಚ್ಚಿನಿಂದ ಬಂದ ಮೈಯನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ಉಜ್ಜಿ ತೊಳೆಯಿರಿ. ಆಮೇಲೆ ನೀರು ಚಿಮುಕಿಸಿ ನೋಡಿ. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ನಿಂತರೆ ಮೇಣ ಇನ್ನೂ ಉಂಟು. ತೆಳ್ಳಗೆ ಹರಡಿಕೊಂಡರೆ ಹೋಗಿದೆ. ಮೇಣ ಹೋಗುವ ಮೊದಲೇ ಸ್ಯಾಂಡ್‌ಪೇಪರ್ ಉಜ್ಜಬೇಡಿ, ಅದು ಇನ್ನೂ ಒಳಗೆ ಸೇರುತ್ತದೆ. ತೊಳೆದು ಒಣಗಿದ ಮೇಲೆ 220 ನಂಬರಿನ ಪೇಪರಿನಿಂದ ಹೊಳಪು ಹೋಗುವ ತನಕ ಉಜ್ಜಿ, ಫೈಬರಿಗೆ ಹೊಂದುವ ಪ್ರೈಮರ್ ಎರಡು ಕೋಟ್. ಉಜ್ಜುವಾಗ ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕು. ಆ ಪುಡಿ ಮೈಗೆ ತಾಗಿದರೆ ಎರಡು ದಿನ ತುರಿಸುತ್ತದೆ. ಪ್ರೈಮರ್ ಪೂರ್ತಿ ಒಣಗಿದ ಮೇಲೆ ಸೆಲ್ಲೋಟೇಪ್ ಗಟ್ಟಿಯಾಗಿ ಒತ್ತಿ ಎಳೆಯಿರಿ. ಬಣ್ಣ ಟೇಪಿಗೆ ಬಂದರೆ ಮತ್ತೆ ಮೊದಲಿನಿಂದ. ಈ ಕೆಲಸ ಸಮಿತಿಯದ್ದು, ಕಲಾವಿದರ ತಲೆಗೆ ಕಟ್ಟಬೇಡಿ.

ಬಣ್ಣದ ದಿನಗಳು

ಎಲ್ಲ ಶಿಲ್ಪಗಳಿಗೂ ಒಂದೇ ಚಪ್ಪರದ ಕೆಳಗೆ ಬಣ್ಣ ಹಚ್ಚಿಸಿ. ಸಭಾಭವನದ ಶೆಡ್ಡೋ, ಶಾಲೆಯ ಮೊಗಸಾಲೆಯೋ ಸಾಕು. ಬೋರ್ಡ್ ಬರೆಯುವ ಅಣ್ಣ ಕಾಲೇಜು ಹುಡುಗಿಗೆ ಉದ್ದ ಗೆರೆ ಒಂದೇ ಉಸಿರಿನಲ್ಲಿ ಎಳೆಯುವುದನ್ನು ಹೇಳಿಕೊಟ್ಟದ್ದು, ಅವಳು ಅವರಿಗೆ ಬಣ್ಣ ಬೆರೆಸುವ ಹೊಸ ದಾರಿ ತೋರಿಸಿದ್ದು ನಮ್ಮ ಶೆಡ್ಡಿನಲ್ಲೇ. ಚಾ, ಗೋಳಿಬಜೆ ಹೊತ್ತಿಗೆ ಬರಲಿ. ಸಂಜೆ ಎರಡು ಗಂಟೆ ಹೊತ್ತು ಊರಿನವರಿಗೆ ಬಾಗಿಲು ತೆರೆದಿಡಿ, ಬೆಳಗ್ಗೆ ಬೇಡ. ಹತ್ತು ಜನ ಹಿಂದೆ ನಿಂತು 'ಕಣ್ಣು ಸ್ವಲ್ಪ ದೊಡ್ಡ ಮಾಡಿ' ಎಂದರೆ ಯಾರಿಗೆ ಕೆಲಸ ಸಾಗುತ್ತದೆ?

ಬಣ್ಣ ಹೊರಗೋಡೆಗೆ ಹಾಕುವ ಒಳ್ಳೆಯ ಅಕ್ರಿಲಿಕ್. ಪೋಸ್ಟರ್ ಬಣ್ಣ, ಫ್ಲೋರೊಸೆಂಟ್ ಬಣ್ಣ ಬೇಡ, ಒಂದು ಬೇಸಗೆಗೇ ಮಂಕಾಗುತ್ತವೆ. ಚಿತ್ರ ಮುಗಿದು ಚೆನ್ನಾಗಿ ಒಣಗಿದ ಮೇಲೆ ಬಿಸಿಲು ತಡೆಯುವ ಪಿಯು ಕ್ಲಿಯರ್ (ಪಾಲಿಯುರಿಥೇನ್‌ನ ಬಣ್ಣವಿಲ್ಲದ ವಾರ್ನಿಶ್) ಎರಡು ಕೋಟ್. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯಿಂದ ಮೂರರೊಳಗೆ ಮುಗಿಸಿ. ತೇವದಲ್ಲಿ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಇದನ್ನು ಮಾತ್ರ ಕಾರು ಪೇಂಟ್ ಮಾಡುವ ಗ್ಯಾರೇಜಿನವರಿಂದ ಮಾಡಿಸಿ. ಅದರ ಹೊಗೆ ಎದೆಗೆ ಕೆಟ್ಟದ್ದು, ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಮಕ್ಕಳನ್ನು ಆ ದಿನ ಹತ್ತಿರ ಬಿಡಬೇಡಿ.

ನಿಲ್ಲಿಸುವುದು

ಪೀಠ ಒಂದೂವರೆ ಅಡಿ ಎತ್ತರ, ಮಣ್ಣಿನ ನೀರು ಚಿಮ್ಮಿ ಕಾಲಿಗೆ ಬೀಳದ ಹಾಗೆ. ಗ್ರಾನೈಟ್ ಬೇಕಾಗಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಪೀಠ ನಮ್ಮೂರಿಗೆ ಒಪ್ಪುತ್ತದೆ, ಆದರೆ ಬೋಲ್ಟ್ ಹಿಡಿಯುವುದು ಅದರೊಳಗಿನ ಕಾಂಕ್ರೀಟೇ ಆಗಿರಲಿ. ಫಲಕದಲ್ಲಿ ಕಲಾವಿದರ ಹೆಸರು, ಊರು, ಕೆಲಸದ ವರ್ಷ ಮತ್ತು ಚಿತ್ರದ ಬಗ್ಗೆ ಅವರದ್ದೇ ಒಂದು ಸಾಲು. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿದ್ದರೆ ಹಾಗೇ ಬರೆಯಿಸಿ.

ಪತ್ತನಾಜೆಯ ವಾರ ಒಂದು ಸುತ್ತು ಹೋಗಿ ನೋಡಿ: ಬಿರುಕು, ಕೊಂಬಿನ ಬುಡ, ಬೋಲ್ಟ್, ಹೊಟ್ಟೆಯ ತೂತು ಮುಚ್ಚಿದೆಯಾ ಎಂದು. ಸಣ್ಣ ಗೀರು ಇದ್ದರೆ ಮಳೆಗೆ ಮೊದಲೇ ಕಲಾವಿದರಿಗೆ ಫೋನ್ ಮಾಡಿ. ಇದಕ್ಕಾಗಿಯೇ ಪ್ರತಿ ಶಿಲ್ಪದ ಉಳಿದ ಬಣ್ಣವನ್ನು ಹಾರ್ಲಿಕ್ಸ್ ಬಾಟ್ಲಿಯಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ ಇಡಬೇಕು. ನಮ್ಮದು ನಮ್ಮ ಮನೆಯ ಅಟ್ಟದಲ್ಲಿ ಉಂಟು. 'ಕೋಣ 3, ಎಡ ಕಿವಿ, ಕೆಂಪು' ಎಂದು ಬರೆದ ಬಾಟ್ಲಿಯನ್ನು ಹೆಂಡತಿ ಒಮ್ಮೆ ಉಪ್ಪಿನಕಾಯಿ ಎಂದು ತೆರೆದಿದ್ದಾಳೆ.